ನೀರಿನಾಚೆಯ ಊರು: ವರ್ಮೀರನ ಡೆಲ್ಫ್ಟ್ ಮತ್ತು ಎರಡು ಮೌನಗಳು

ನೀರಿನ ಬದಿಯಲ್ಲಿ ಬೆಳೆದ ಊರಿಗೆ ಎರಡು ಮುಖಗಳಿರುತ್ತವೆ. ಒಂದು, ಊರೊಳಗಿನವರು ದಿನವೂ ಕಾಣುವ ಬೀದಿ, ಅಂಗಡಿ, ಮನೆಬಾಗಿಲು. ಇನ್ನೊಂದು, ದೋಣಿಯಲ್ಲಿ ಬರುವವನಿಗೆ ಅಥವಾ ಎದುರು ದಡದಲ್ಲಿ ನಿಂತವನಿಗೆ ಕಾಣುವ ಮುಖ. ಈ ಎರಡನೆಯ ಮುಖದಲ್ಲಿ ಸಂತೆಯ ಗದ್ದಲ ಕೇಳಿಸುವುದಿಲ್ಲ, ನೆರೆಹೊರೆಯ ಜಗಳ ಕಾಣಿಸುವುದಿಲ್ಲ, ಚರಂಡಿಯ ವಾಸನೆ ತಲುಪುವುದಿಲ್ಲ. ಹೆಂಚಿನ ಮಾಡುಗಳು, ಒಂದೆರಡು ಗೋಪುರಗಳು, ಕೆಲವು ಮರಗಳು, ನೀರಿನಲ್ಲಿ ಅವುಗಳ ಪ್ರತಿಬಿಂಬ, ಇಷ್ಟೇ ಉಳಿಯುತ್ತದೆ. ಚಿತ್ರಕಾರರು ಶತಮಾನಗಳಿಂದ ಈ ಮುಖವನ್ನೇ ಇಷ್ಟಪಟ್ಟು ಬರೆದದ್ದಕ್ಕೆ ಕಾರಣ ಹುಡುಕಬೇಕಾಗಿಲ್ಲ.

ಆದರೆ ಈ ಇಷ್ಟದಲ್ಲಿ ಒಂದು ಪ್ರಶ್ನೆಯೂ ಅಡಗಿದೆ. ದೂರ ನಿಂತು ನೋಡಿದರೆ ಎಲ್ಲ ಊರುಗಳೂ ಶಾಂತವಾಗಿಯೇ ಕಾಣುತ್ತವೆ. ಹಾಗಿದ್ದರೆ ಇಂತಹ ಚಿತ್ರಗಳಲ್ಲಿ ನಮ್ಮನ್ನು ಸೆಳೆಯುವ ಶಾಂತಿ ಊರಿನದೋ, ದೂರದ್ದೋ? ಚಿತ್ರ ನಮ್ಮೊಳಗೆ ಒಂದು ಭಾವವನ್ನು ಹುಟ್ಟಿಸಿದಾಗ ಅದು ನಮಗೆ ಏನನ್ನೋ ತೋರಿಸುತ್ತಿದೆಯೇ, ಅಥವಾ ಏನನ್ನೋ ಮರೆಸುತ್ತಿದೆಯೇ? ಈ ಪ್ರಶ್ನೆಯನ್ನು ಇಟ್ಟುಕೊಂಡು ನೋಡಲು ಡಚ್ ಕಲಾವಿದ ಯೊಹಾನ್ನಸ್ ವರ್ಮೀರ್ (1632-1675) ಬರೆದ 'ಡೆಲ್ಫ್ಟ್ ನೋಟ'ಕ್ಕಿಂತ ತಕ್ಕ ಚಿತ್ರ ಇನ್ನೊಂದಿಲ್ಲ.

ಸುಮಾರು 1660-61ರಲ್ಲಿ ಬರೆದದ್ದೆಂದು ನಂಬಲಾದ ಈ ತೈಲಚಿತ್ರ ಈಗ ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದ ಮೌರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿದೆ. 97 ಸೆಂಟಿಮೀಟರ್‌ನಷ್ಟು ಎತ್ತರ, 116 ಸೆಂಟಿಮೀಟರ್‌ನಷ್ಟು ಅಗಲ. ವರ್ಮೀರ್ ಬರೆದವೆಂದು ಇಂದು ಒಪ್ಪಿಕೊಂಡಿರುವ ಚಿತ್ರಗಳು ಮೂವತ್ತೈದರಿಂದ ಮೂವತ್ತೇಳು ಮಾತ್ರ. ಅವುಗಳಲ್ಲಿ ಹೆಚ್ಚಿನವು ಮನೆಯೊಳಗಿನ ನೋಟಗಳು. ಕಿಟಕಿಯ ಬಳಿ ಪತ್ರ ಓದುವ ಹೆಣ್ಣು, ಪಾತ್ರೆಗೆ ಹಾಲು ಸುರಿಯುವ ಕೆಲಸದಾಕೆ. ಮನೆಯ ಹೊರಗೆ ನಿಂತು ಬರೆದ ಚಿತ್ರಗಳು ಎರಡೇ ಉಳಿದಿವೆ. ಒಂದು ಪುಟ್ಟ ಬೀದಿಯದ್ದು, ಇನ್ನೊಂದು ಇದು. ತಾನು ಹುಟ್ಟಿದ, ಬದುಕಿದ, ಕೊನೆಗೆ ಮಣ್ಣಾದ ಊರನ್ನು ಅವನು ಇಡಿಯಾಗಿ ಬರೆದದ್ದು ಇದೊಂದೇ ಸಲ.

ಚಿತ್ರದಲ್ಲಿ ಇರುವುದೇನು?

ನೋಡುವವರು ಊರಿನ ದಕ್ಷಿಣದಲ್ಲಿ ನಿಂತಿದ್ದೇವೆ. ಎದುರಿಗೆ ಕೊಲ್ಕ್ ಎಂಬ ಬಂದರಿನ ಅಗಲವಾದ ನೀರು. ಅದರಾಚೆ ಊರಿನ ಕೋಟೆಗೋಡೆ, ಅದರ ಮಧ್ಯದಲ್ಲಿ ಗಡಿಯಾರವಿರುವ ಸ್ಖೀಡಾಮ್ ಬಾಗಿಲು, ಬಲಗಡೆ ಅವಳಿ ಗೋಪುರಗಳ ರಾಟರ್‌ಡ್ಯಾಮ್ ಬಾಗಿಲು, ಎರಡರ ನಡುವೆ ಕಲ್ಲಿನ ಸೇತುವೆ. ಸೇತುವೆಯ ಕಮಾನಿನೊಳಗಿಂದ ನೀರು ಊರೊಳಗೆ ಹೋಗುತ್ತದೆ. ಗೋಡೆಯ ಹಿಂದೆ ಕೆಂಪು ಮತ್ತು ನೀಲಿ ಮಾಡುಗಳು, ಅವುಗಳ ಮೇಲೆ ತಲೆಯೆತ್ತಿದ 'ಹೊಸ ಇಗರ್ಜಿ'ಯ ಗೋಪುರ. ಬಲಗಡೆಯ ದಡದಲ್ಲಿ ಹೆರಿಂಗ್ ಮೀನು ಹಿಡಿಯುವ ದೊಡ್ಡ ದೋಣಿಗಳು ದುರಸ್ತಿಗೆ ನಿಂತಿವೆ. ಹೆರಿಂಗ್ ಎಂದರೆ ನಮ್ಮ ಕರಾವಳಿಯ ಬೂತಾಯಿಯ ಬಳಗದ ಮೀನು. ಅಂದಿನ ಡಚ್ಚರ ಊಟಕ್ಕೂ ವ್ಯಾಪಾರಕ್ಕೂ ಅದು ಆಧಾರ.

ನಮ್ಮ ಕಡೆಯ ದಡದಲ್ಲಿ ಕೆಲವೇ ಜನ. ಎಡಗಡೆ ದೋಣಿಯ ಹತ್ತಿರ ಒಂದು ಸಣ್ಣ ಗುಂಪು, ಅವರಲ್ಲಿ ಮಗುವನ್ನು ಎತ್ತಿಕೊಂಡ ಹೆಂಗಸು. ಸ್ವಲ್ಪ ಆಚೆ ಮಾತಿನಲ್ಲಿ ತೊಡಗಿದ ಇಬ್ಬರು ಹೆಂಗಸರು. ಅಂದು ಊರಿಂದೂರಿಗೆ ಹೋಗಲು ಕುದುರೆ ಎಳೆಯುವ ದೋಣಿಗಳಿದ್ದವು, ಹೊತ್ತಿಗೆ ಸರಿಯಾಗಿ ಹೊರಡುತ್ತಿದ್ದವು. ಈ ಜನ ಅಂತಹ ದೋಣಿಗಾಗಿ ಕಾದಿರುವಂತೆ ಕಾಣುತ್ತದೆ. ಯಾರ ಮುಖವೂ ಸ್ಪಷ್ಟವಿಲ್ಲ. ಯಾರೂ ದುಃಖದಲ್ಲಿಲ್ಲ, ಸಂಭ್ರಮದಲ್ಲೂ ಇಲ್ಲ. ಬಲಗಡೆಯ ಹೆಂಗಸರಿಂದ ತುಸು ದೂರದಲ್ಲಿ ವರ್ಮೀರ್ ಮೊದಲು ಇನ್ನೊಬ್ಬ ಗಂಡಸನ್ನು ಬರೆದಿದ್ದ, ಆಮೇಲೆ ಬಣ್ಣ ಬಳಿದು ಅಳಿಸಿದ. ಒಬ್ಬ ಮನುಷ್ಯ ಹೆಚ್ಚಾದರೂ ಭಾವ ಕದಡುತ್ತದೆ ಎಂದು ಅವನಿಗೆ ತೋರಿರಬೇಕು.

ಇಡೀ ಚಿತ್ರದ ಅರ್ಧಕ್ಕಿಂತ ಹೆಚ್ಚು ಭಾಗ ಆಕಾಶ. ಮೇಲ್ತುದಿಯಲ್ಲಿ ಕಪ್ಪು ಮೋಡ, ಅದರ ಕೆಳಗೆ ಬಿಳಿ ಮೋಡಗಳು, ನಡುನಡುವೆ ತಿಳಿನೀಲಿ.

ಭಾವ ಹುಟ್ಟುವುದು ಎಲ್ಲಿಂದ?

ಇಷ್ಟನ್ನು ಪಟ್ಟಿ ಮಾಡಿದರೆ ಅಂದಿನ ಹಾಲೆಂಡಿನ ಯಾವ ಊರಿನ ಚಿತ್ರವಾದರೂ ಆದೀತು. ಆ ಕಾಲದಲ್ಲಿ ಊರುಗಳ ಹೊರನೋಟವನ್ನು ಬರೆಯುವುದು ಒಂದು ರೂಢಿಯೇ ಆಗಿತ್ತು. ನಕ್ಷೆಗಳ ಅಂಚಿನಲ್ಲಿ, ಪುಸ್ತಕಗಳಲ್ಲಿ ಅಂತಹ ಚಿತ್ರಗಳು ಅಚ್ಚಾಗುತ್ತಿದ್ದವು. ಯಾವ ಕಟ್ಟಡ ಎಲ್ಲಿದೆ ಎಂದು ತಿಳಿಸುವುದು ಅವುಗಳ ಕೆಲಸ. ವರ್ಮೀರನ ಚಿತ್ರದಲ್ಲಿ ಆ ಮಾಹಿತಿಯೆಲ್ಲ ಇದ್ದರೂ ಕಣ್ಣು ಮೊದಲು ಹೋಗುವುದು ಮಾಹಿತಿಯ ಕಡೆಗಲ್ಲ, ಬೆಳಕಿನ ಕಡೆಗೆ.

ಈ ಬೆಳಕನ್ನು ಗಮನಿಸಿ. ಸಾಮಾನ್ಯವಾಗಿ ಚಿತ್ರಕಾರರು ಮುಂಭಾಗವನ್ನು ಬೆಳಗಿಸಿ ಹಿಂಭಾಗವನ್ನು ಮಸುಕಾಗಿಸುತ್ತಾರೆ. ಇಲ್ಲಿ ಅದಕ್ಕೆ ತದ್ವಿರುದ್ಧ. ನೀರಿನ ಅಂಚಿನ ಗೋಡೆ, ಎರಡು ಬಾಗಿಲುಗಳು, ಮುಂದಿನ ಸಾಲಿನ ಮನೆಗಳು ಎಲ್ಲ ಮೋಡದ ನೆರಳಿನಲ್ಲಿವೆ. ಬಿಸಿಲು ಬಿದ್ದಿರುವುದು ಊರಿನ ಒಳಗೆ, ಬಲಭಾಗದ ಹಿಂದಿನ ಮಾಡುಗಳ ಮೇಲೆ ಮತ್ತು ಹೊಸ ಇಗರ್ಜಿಯ ಗೋಪುರದ ಮೇಲೆ. ಬೆಳಕು ಊರೊಳಗಿದೆ, ನಾವು ಹೊರಗಿದ್ದೇವೆ. ನಡುವೆ ನೀರಿದೆ, ನೀರಿನಾಚೆ ನೆರಳಿದೆ, ನೆರಳಿನಾಚೆ ಬಿಸಿಲಿದೆ. ಈ ಚಿತ್ರ ನೋಡಿದವರಿಗೆಲ್ಲ ಆಗುವ ಒಂದು ಬಗೆಯ ಹಂಬಲ, ಮನೆಗೆ ಮರಳುವವನ ಮನಸ್ಸಿನಂತಹ ಭಾವ, ಈ ಕ್ರಮದಿಂದಲೇ ಹುಟ್ಟುತ್ತದೆ. ಅದಕ್ಕೆ ಯಾವ ಪಾತ್ರವೂ ಬೇಕಾಗಿಲ್ಲ, ಕಥೆಯೂ ಬೇಕಾಗಿಲ್ಲ.

ಎರಡನೆಯದು, ಪ್ರತಿಬಿಂಬ. ರಾಟರ್‌ಡ್ಯಾಮ್ ಬಾಗಿಲಿನ ಅವಳಿ ಗೋಪುರಗಳ ಛಾಯೆ ನೀರಿನಲ್ಲಿ ಕೆಳಗಿಳಿದು ಚಿತ್ರದ ತಳದವರೆಗೂ ಚಾಚಿದೆ. ಕ್ಷಕಿರಣ ಪರೀಕ್ಷೆಯಿಂದ ತಿಳಿದಿರುವಂತೆ ವರ್ಮೀರ್ ಮೊದಲು ಈ ಪ್ರತಿಬಿಂಬವನ್ನು ಗಿಡ್ಡವಾಗಿ ಬರೆದಿದ್ದ, ಆಮೇಲೆ ಉದ್ದ ಮಾಡಿದ. ನಿಸರ್ಗದ ಲೆಕ್ಕಕ್ಕೆ ಇದು ಸರಿಯಾಗದಿರಬಹುದು, ಚಿತ್ರದ ಲೆಕ್ಕಕ್ಕೆ ಸರಿ. ಆ ಛಾಯೆ ನೀರನ್ನು ದಾಟಿ ನಮ್ಮ ದಡದ ಹತ್ತಿರ ಬರುತ್ತದೆ, ದೂರದ ಊರನ್ನು ನಮಗೆ ಕಟ್ಟಿಹಾಕುತ್ತದೆ. ಅದೇ ರೀತಿ, ನಂತರದ ಕಾಲದವರು ಬರೆದ ಸ್ಥಳಚಿತ್ರಗಳೊಂದಿಗೆ ಹೋಲಿಸಿದ ವಿದ್ವಾಂಸರು ಹೇಳುವಂತೆ, ಎತ್ತರ ತಗ್ಗಾಗಿ ಒತ್ತಿಕೊಂಡಿದ್ದ ಕಟ್ಟಡಗಳನ್ನು ವರ್ಮೀರ್ ತುಸು ತಗ್ಗಿಸಿ ಒಂದೇ ಸಾಲಿಗೆ ತಂದಿದ್ದಾನೆ. ಊರು ನೀರಿನ ಮೇಲೆ ಮಲಗಿದ ಪಟ್ಟಿಯಂತಾಗಿದೆ. ಅಡ್ಡಗೆರೆಗೆ ಶಾಂತಿಯ ಗುಣವಿದೆ ಎಂಬುದು ಚಿತ್ರಕಾರರಿಗೆ ಗೊತ್ತಿರುವ ಹಳೆಯ ಸತ್ಯ.

ಮೂರನೆಯದು, ಬಣ್ಣ ಹಚ್ಚಿದ ರೀತಿ. ಹೆರಿಂಗ್ ದೋಣಿಗಳ ಒಡಲಿನ ಮೇಲೆ ಬೆಳಕಿನ ಸಣ್ಣ ಸಣ್ಣ ಚುಕ್ಕಿಗಳಿವೆ. ನೆರಳಿನಲ್ಲಿ ನಿಂತ ದೋಣಿಯ ಮೇಲೆ ಇಂತಹ ಹೊಳಪು ಬರಿಗಣ್ಣಿಗೆ ಕಾಣುವುದಿಲ್ಲ. ಮಸೂರದ ಮೂಲಕ ನೋಡಿದಾಗ ಒದ್ದೆ ಮೇಲ್ಮೈಗಳ ಹೊಳಪು ಹೀಗೆ ಚುಕ್ಕಿಗಳಾಗಿ ಒಡೆಯುತ್ತದೆ. ಕತ್ತಲೆಪೆಟ್ಟಿಗೆಯ ಮೂಲಕ ನೋಡಿದ ಅನುಭವ ವರ್ಮೀರನಿಗಿತ್ತು ಎಂದು ಹಲವರು ವಾದಿಸುವುದು ಇದೇ ಕಾರಣಕ್ಕೆ. ದಾಖಲೆಯ ಪುರಾವೆ ಇಲ್ಲದಿರುವುದರಿಂದ ಈ ವಾದ ಇನ್ನೂ ಮುಗಿದಿಲ್ಲ. ಕಿಂಡಿಯಿಂದ ಕತ್ತಲೆಯ ಕೋಣೆಗೆ ಬರುವ ಬೆಳಕು ಹೇಗೆ ವರ್ತಿಸುತ್ತದೆ ಎಂದು ಹನ್ನೊಂದನೆಯ ಶತಮಾನದಲ್ಲೇ ಕೈರೋದಲ್ಲಿ ಕುಳಿತು ಪರೀಕ್ಷಿಸಿ ಬರೆದವರು ಇಬ್ನುಲ್ ಹೈಸಮ್. ಅವರ ದೃಷ್ಟಿಶಾಸ್ತ್ರದ ಗ್ರಂಥ ಲ್ಯಾಟಿನ್ ಭಾಷೆಯಲ್ಲಿ 1572ರಲ್ಲಿ ಅಚ್ಚಾಗಿ ಯುರೋಪಿನ ವಿದ್ವಾಂಸರ ಕೈಸೇರಿತು. ಬೆಳಕು ಕಣ್ಣಿನಿಂದ ಹೊರಡುವುದಿಲ್ಲ, ವಸ್ತುವಿನಿಂದ ಕಣ್ಣಿಗೆ ಬರುತ್ತದೆ ಎಂಬ ಅವರ ವಿವರಣೆಯನ್ನು ನೆನೆದು ಈ ಚಿತ್ರ ನೋಡಿದರೆ ಅದರ ವಿನಯ ಅರ್ಥವಾಗುತ್ತದೆ. ಇಲ್ಲಿ ಕಲಾವಿದ ಊರಿನ ಮೇಲೆ ತನ್ನ ಭಾವವನ್ನು ಹೇರುವವನಂತಲ್ಲ, ಬಂದ ಬೆಳಕನ್ನು ಬರಮಾಡಿಕೊಳ್ಳುವವನಂತೆ ಕಾಣುತ್ತಾನೆ.

ಹಾಗೆ ಕಾಣುತ್ತಾನೆ, ಅಷ್ಟೇ. ನಿಜದಲ್ಲಿ ಅವನು ಗೋಡೆ ತಗ್ಗಿಸಿದ್ದಾನೆ, ಪ್ರತಿಬಿಂಬ ಉದ್ದ ಮಾಡಿದ್ದಾನೆ, ಒಬ್ಬ ಮನುಷ್ಯನನ್ನು ಅಳಿಸಿದ್ದಾನೆ. ಈ ಶಾಂತಿ ಸಿಕ್ಕಿದ್ದಲ್ಲ, ಕಟ್ಟಿದ್ದು. ಅದನ್ನು ನಾವು ನೋಡುವ ಬಗೆಯೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. 1994ರಲ್ಲಿ ಸಂಗ್ರಹಾಲಯದವರು ಚಿತ್ರದ ಮೇಲಿದ್ದ ಹಳದಿಗಟ್ಟಿದ ಹಳೆಯ ವಾರ್ನಿಷ್ ತೆಗೆದರು. ಅದುವರೆಗೆ ಜನ ಮೆಚ್ಚಿಕೊಂಡಿದ್ದ ಹೊಂಬಣ್ಣದ ಮಬ್ಬಿನಲ್ಲಿ ಬಹುಪಾಲು ವಾರ್ನಿಷಿನದಾಗಿತ್ತು. ಅದರಡಿಯಿಂದ ಹೊರಬಂದದ್ದು ತಂಪಾದ, ಸ್ವಚ್ಛವಾದ ಒಂದು ಬೆಳಗು. ಅಮೆರಿಕದ ಖಗೋಳ ವಿಜ್ಞಾನಿ ಡೊನಾಲ್ಡ್ ಓಲ್ಸನ್ ಮತ್ತು ಅವರ ತಂಡ 2020ರಲ್ಲಿ ಹೊಸ ಇಗರ್ಜಿಯ ಗೋಪುರದ ಮೇಲಿನ ನೆರಳನ್ನು ಲೆಕ್ಕ ಹಾಕಿ, ಇದು 1659ರ ಅಥವಾ ಅದಕ್ಕೆ ಹಿಂದಿನ ಒಂದು ವರ್ಷದ ಸೆಪ್ಟೆಂಬರ್ 3 ಅಥವಾ 4ರ ಬೆಳಿಗ್ಗೆ ಎಂಟರ ಸುಮಾರಿನ ಬೆಳಕು ಎಂದರು. ಲೆಕ್ಕ ಎಷ್ಟು ಸರಿಯೋ ತಜ್ಞರು ಚರ್ಚಿಸಲಿ. ಬೆಳಕು ಲೆಕ್ಕ ಹಾಕುವಷ್ಟು ನಿಖರವಾಗಿದೆ ಎಂಬುದೇ ನಮಗೆ ಮುಖ್ಯ. ಮನಸ್ಸಿಗೆ ಬಂದಂತೆ ಬರೆದ ಕನಸಿನ ಊರು ಇದಲ್ಲ.

ಮೊದಲ ಮೌನ

ಈಗ ಚಿತ್ರದಲ್ಲಿ ಇಲ್ಲದಿರುವುದರ ಕಡೆ ಬರೋಣ.

1654ರ ಅಕ್ಟೋಬರ್ 12, ಸೋಮವಾರ, ಮಧ್ಯಾಹ್ನಕ್ಕೆ ಮುನ್ನ ಡೆಲ್ಫ್ಟ್‌ನ ಈಶಾನ್ಯ ಭಾಗದಲ್ಲಿ ಹಳೆಯ ಕನ್ಯಾಮಠವೊಂದರಲ್ಲಿ ಶೇಖರಿಸಿಟ್ಟಿದ್ದ ಕೋವಿಮದ್ದು ಸಿಡಿಯಿತು. ಊರಿನ ದೊಡ್ಡ ಭಾಗವೊಂದು ಕ್ಷಣಾರ್ಧದಲ್ಲಿ ನೆಲಸಮವಾಯಿತು. ನೂರಕ್ಕೂ ಹೆಚ್ಚು ಜನ ಸತ್ತರೆಂದು ಅಂದಾಜು, ಗಾಯಗೊಂಡವರು ಅದಕ್ಕಿಂತ ಬಹಳ ಹೆಚ್ಚು. ಸತ್ತವರಲ್ಲಿ ಕರೆಲ್ ಫಾಬ್ರಿಟಿಯಸ್ ಎಂಬ ಚಿತ್ರಕಾರನೂ ಒಬ್ಬ. ರೆಂಬ್ರಾಂಟ್‌ನ ಶಿಷ್ಯ, ವಯಸ್ಸು ಮೂವತ್ತೆರಡು. ಅದೇ ವರ್ಷ ಅವನು ಬರೆದ, ಸರಪಳಿ ಕಟ್ಟಿದ ಪುಟ್ಟ ಹಕ್ಕಿಯ ಚಿತ್ರ ಇಂದು 'ಡೆಲ್ಫ್ಟ್ ನೋಟ' ಇರುವ ಸಂಗ್ರಹಾಲಯದಲ್ಲೇ ಇದೆ. ವರ್ಮೀರನಿಗೆ ಆಗ ಇಪ್ಪತ್ತೊಂದು ವರ್ಷ. ಹಿಂದಿನ ವರ್ಷವಷ್ಟೇ ಮದುವೆಯಾಗಿದ್ದ, ಚಿತ್ರಕಾರರ ಸಂಘ ಸೇರಿದ್ದ.

ಡೆಲ್ಫ್ಟ್‌ನಲ್ಲಿದ್ದ ಇನ್ನೊಬ್ಬ ಕಲಾವಿದ ಎಗ್ಬರ್ಟ್ ವಾನ್ ಡರ್ ಪೂಲ್ ಈ ದುರಂತವನ್ನು ಮತ್ತೆ ಮತ್ತೆ ಬರೆದ. ಬುಡಮೇಲಾದ ಮನೆಗಳು, ಸುಟ್ಟು ನಿಂತ ಮರಗಳು, ಗಾಯಾಳುಗಳನ್ನು ಸಾಗಿಸುವ ಜನ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಅವನ ಚಿತ್ರದ ಮೇಲೆ ನಮೂದಾಗಿರುವುದು ದುರಂತ ನಡೆದ ದಿನಾಂಕ. ಆ ದಿನದಿಂದ ಹೊರಬರಲಾಗದವನ ಕೈಬರಹದಂತೆ ಅದು ಕಾಣುತ್ತದೆ.

ವರ್ಮೀರ್ ತನ್ನ ಊರನ್ನು ಬರೆಯುವ ಹೊತ್ತಿಗೆ ಸ್ಫೋಟವಾಗಿ ಐದಾರು ವರ್ಷಗಳು ಕಳೆದಿದ್ದವು. ಅವನ ಚಿತ್ರದಲ್ಲಿ ಒಂದು ಮುರಿದ ಗೋಡೆಯೂ ಇಲ್ಲ. ದಕ್ಷಿಣದಿಂದ ನೋಡುವವರಿಗೆ ಈಶಾನ್ಯದ ಹಾಳು ಕಾಣುವುದೂ ಇಲ್ಲ. ಹಾಗಿದ್ದರೆ ಇದು ಮರೆವಿನ ಚಿತ್ರವೇ? ನೋವನ್ನು ಮುಚ್ಚಿ ಚಂದದ ಊರನ್ನು ತೋರಿಸುವ ಕೆಲಸವೇ?

ಹಾಗೆನ್ನಲು ಮನಸ್ಸು ಒಪ್ಪುವುದಿಲ್ಲ. ಈ ಚಿತ್ರದ ಮೊದಲ ನೋಡುಗರು ಯಾರು ಎಂದು ಯೋಚಿಸಬೇಕು. ಅವರು ಡೆಲ್ಫ್ಟ್‌ನವರೇ. ಆ ಅಕ್ಟೋಬರ್ ಸೋಮವಾರದಂದು ತಮ್ಮ ಮನೆಯ ಕಿಟಕಿ ಒಡೆದವರು, ಅವಶೇಷಗಳಡಿ ಬಂಧುಗಳನ್ನು ಹುಡುಕಿದವರು. ಬಿಸಿಲು ಬಿದ್ದ ಹೊಸ ಇಗರ್ಜಿಯ ಗೋಪುರದ ಹಿಂದೆ, ಇನ್ನೂ ಉತ್ತರಕ್ಕೆ ಹೋದರೆ ಆ ಬಯಲು ಇದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮದ್ದು ಸಿಡಿದ ಜಾಗದಲ್ಲಿ ಮತ್ತೆ ಮನೆ ಕಟ್ಟದೆ ಬಯಲಾಗಿ ಬಿಟ್ಟರು, ಅಲ್ಲಿ ಕುದುರೆ ಸಂತೆ ಸೇರತೊಡಗಿತು. ಇಂತಹ ಜನರ ಮುಂದೆ ಮಾಡುಗಳು ನೆಟ್ಟಗೆ ನಿಂತಿರುವ, ಹೆಂಗಸರು ನಿಂತು ಮಾತಾಡುವ, ದೋಣಿ ಹೊತ್ತಿಗೆ ಸರಿಯಾಗಿ ಹೊರಡುವ ಒಂದು ಬೆಳಗನ್ನು ಇಟ್ಟರೆ ಅದು ಏನನ್ನು ಹೇಳುತ್ತದೆ? ಊರು ಇದೆ, ಉಳಿದಿದೆ ಎಂದು ಹೇಳುತ್ತದೆ. ಮೇಲೆ ಕಪ್ಪು ಮೋಡವಿದ್ದರೂ ಅದು ದಾಟುತ್ತಿದೆ ಎಂದು ಹೇಳುತ್ತದೆ. ಈ ಬಿಸಿಲು ಸ್ಥಿರವಲ್ಲ, ಇನ್ನೊಂದು ಗಳಿಗೆಯಲ್ಲಿ ನೆರಳು ಬೇರೆ ಕಡೆ ಬೀಳಬಹುದು ಎಂಬುದನ್ನೂ ಅದು ಮುಚ್ಚಿಡುವುದಿಲ್ಲ.

ವರ್ಮೀರ್ ಬೆಳಕನ್ನು ಆ ಕಡೆಗೆ ತಿರುಗಿಸಿದ್ದು ಸತ್ತವರ ನೆನಪಿಗೆಂದೇ ಎಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಅವನು ತನ್ನ ಚಿತ್ರಗಳ ಬಗ್ಗೆ ಒಂದು ಸಾಲನ್ನೂ ಬರೆದಿಟ್ಟಿಲ್ಲ. ನಾನು ಹೇಳುವುದು ಇಷ್ಟೇ: ಎಲ್ಲರಿಗೂ ಗೊತ್ತಿರುವ ನೋವಿನ ಮುಂದೆ ಕಲಾವಿದ ಮೌನವಾಗಿದ್ದರೆ ಅದು ಸುಳ್ಳಾಗುವುದಿಲ್ಲ. ಸಾವಿನ ಮನೆಗೆ ಹೋದವರು ಎಲ್ಲವನ್ನೂ ಮಾತಿನಲ್ಲಿ ಹೇಳುವುದಿಲ್ಲ. ಪಕ್ಕದಲ್ಲಿ ಕುಳಿತಿರುತ್ತಾರೆ. ವಾನ್ ಡರ್ ಪೂಲ್‌ನ ಅಳುವಿಗೆ ಇರುವಷ್ಟೇ ಬೆಲೆ ಈ ಕುಳಿತಿರುವಿಕೆಗೂ ಇದೆ. ಅದು ಸಂಯಮದ ಮೌನ.

ಎರಡನೆಯ ಮೌನ

ಆದರೆ ಈ ಚಿತ್ರದಲ್ಲಿ ಇನ್ನೊಂದು ಮೌನವಿದೆ. ಅದರ ಬಗ್ಗೆ ಕಲಾಪ್ರೇಮಿಗಳು ಅಷ್ಟಾಗಿ ಮಾತಾಡಿಲ್ಲ.

ಚಿತ್ರದಲ್ಲಿರುವ ನೀರು ಊರಿನ ಅಲಂಕಾರಕ್ಕೆ ಇದ್ದ ಕೆರೆಯಲ್ಲ. ಅದು ದಕ್ಷಿಣಕ್ಕೆ ಹರಿದು ಡೆಲ್ಫ್ಸ್‌ಹಾವನ್ ಎಂಬ ಬಂದರನ್ನು, ಅಲ್ಲಿಂದ ಸಮುದ್ರವನ್ನು ಸೇರುವ ದಾರಿ. 1602ರಲ್ಲಿ ಸ್ಥಾಪನೆಯಾದ ಡಚ್ ಈಸ್ಟ್ ಇಂಡಿಯಾ ಕಂಪೆನಿಯ ಆರು ಶಾಖೆಗಳಲ್ಲಿ ಒಂದು ಡೆಲ್ಫ್ಟ್‌ನಲ್ಲೇ ಇತ್ತು. ಸುಮಾರು ಇಪ್ಪತ್ತೈದು ಸಾವಿರ ಜನರ ಆ ಸಣ್ಣ ಊರಿಗೆ ಏಷ್ಯಾದ ಸರಕು ಈ ನೀರಿನ ಮೇಲೆಯೇ ಬರುತ್ತಿತ್ತು. ಡೆಲ್ಫ್ಟ್‌ಗೆ ಇಂದಿಗೂ ಹೆಸರು ತಂದಿರುವ ನೀಲಿ-ಬಿಳಿ ಪಿಂಗಾಣಿಯಂತಹ ಪಾತ್ರೆಗಳು ಹುಟ್ಟಿಕೊಂಡದ್ದು ಕಂಪೆನಿಯ ಹಡಗುಗಳು ತಂದ ಚೀನಾದ ಪಾತ್ರೆಗಳನ್ನು ನೋಡಿ. ವರ್ಮೀರ್ ತನ್ನ ಚಿತ್ರಗಳಲ್ಲಿ ಧಾರಾಳವಾಗಿ ಬಳಸಿದ ದುಬಾರಿ ನೀಲಿಯನ್ನು ಅರೆಯುತ್ತಿದ್ದದ್ದು ಅಫ್ಘಾನಿಸ್ತಾನದ ಬದಖ್ಶಾನ್ ಗಣಿಗಳ ಲಾಜವರ್ದ್ ಕಲ್ಲಿನಿಂದ. ಕನ್ನಡ ನಾಡೂ ಈ ನಕಾಶೆಯ ಹೊರಗಿರಲಿಲ್ಲ. ಕೆಳದಿ ಅರಸರ ಕಾಲದ ಬಸ್ರೂರಿನಲ್ಲಿ ಇದೇ ಕಂಪೆನಿ ಕೋಠಿ ಇಟ್ಟುಕೊಂಡು ಅಕ್ಕಿ, ಕರಿಮೆಣಸು ಕೊಳ್ಳುತ್ತಿತ್ತು.

ಬಸ್ರೂರಿನಲ್ಲಿ ನಡೆದದ್ದು ಬಹುಮಟ್ಟಿಗೆ ವ್ಯಾಪಾರ. ಎಲ್ಲೆಡೆ ಹಾಗಿರಲಿಲ್ಲ. ಇಂದಿನ ಇಂಡೋನೇಷ್ಯಾದ ಬಂಡಾ ದ್ವೀಪಗಳಲ್ಲಿ ಮಾತ್ರ ಆಗ ಜಾಯಿಕಾಯಿ, ಜಾಪತ್ರೆ ಬೆಳೆಯುತ್ತಿದ್ದವು. ಅಲ್ಲಿನ ಜನ, ಬಹುಪಾಲು ಮುಸ್ಲಿಮರು, ಡಚ್ಚರಿಗೆ ಮಾತ್ರ ಮಾರಬೇಕೆಂಬ ಕಟ್ಟಳೆಗೆ ಒಪ್ಪದೆ ಜಾವಾದವರು, ಇಂಗ್ಲಿಷರು ಮೊದಲಾದವರಿಗೂ ಮಾರುತ್ತಿದ್ದರು. 1621ರಲ್ಲಿ ಕಂಪೆನಿಯ ಗವರ್ನರ್ ಜನರಲ್ ಯಾನ್ ಪೀಟರ್‌ಸೂನ್ ಕೂನ್ ಸೈನ್ಯದೊಂದಿಗೆ ಬಂದು ಆ ದ್ವೀಪಗಳನ್ನು ವಶಪಡಿಸಿಕೊಂಡ. ಮುಖಂಡರನ್ನು ಕೊಲ್ಲಿಸಿದ. ಸುಮಾರು ಹದಿನೈದು ಸಾವಿರ ಜನರಿದ್ದ ದ್ವೀಪಗಳಲ್ಲಿ ಕೊನೆಗೆ ಉಳಿದವರು ಒಂದು ಸಾವಿರದಷ್ಟು ಎಂದು ಇತಿಹಾಸಕಾರರ ಅಂದಾಜು. ಉಳಿದವರು ಕತ್ತಿಗೆ, ಹಸಿವಿಗೆ, ರೋಗಕ್ಕೆ ಬಲಿಯಾದರು, ಕೆಲವರು ಓಡಿಹೋದರು, ಕೆಲವರನ್ನು ಗುಲಾಮರಾಗಿ ಸಾಗಿಸಲಾಯಿತು. ತೋಟಗಳನ್ನು ಡಚ್ಚರಿಗೆ ಹಂಚಿ, ಗುಲಾಮರಿಂದ ದುಡಿಸಲಾಯಿತು. ವರ್ಮೀರ್ ಹುಟ್ಟುವುದಕ್ಕೆ ಹನ್ನೊಂದು ವರ್ಷಗಳ ಹಿಂದಿನ ಮಾತು ಇದು. ಅವನು ಡೆಲ್ಫ್ಟ್ ಬರೆಯುವಾಗಲೂ ಆ ತೋಟಗಳಲ್ಲಿ ದುಡಿಮೆ ನಡೆದಿತ್ತು.

ಇದನ್ನು ಇಲ್ಲಿ ಏಕೆ ತರಬೇಕು ಎಂದು ಕೇಳಬಹುದು. ವರ್ಮೀರ್ ಕಂಪೆನಿಯ ಅಧಿಕಾರಿಯಲ್ಲ. ತಂದೆ ರೇಷ್ಮೆ ನೇಯುವ ಕಸುಬಿನವನು, ಛತ್ರವೊಂದನ್ನು ನಡೆಸುತ್ತಿದ್ದವನು. ಕೊನೆಗಾಲದಲ್ಲಿ ಮಗ ಸಾಲದಲ್ಲಿ ಮುಳುಗಿದ, ನಲವತ್ತಮೂರನೆಯ ವಯಸ್ಸಿನಲ್ಲಿ ಹೆಂಡತಿಯನ್ನೂ ಹನ್ನೊಂದು ಮಕ್ಕಳನ್ನೂ ಬಿಟ್ಟು ಸತ್ತ. ರೊಟ್ಟಿ ಅಂಗಡಿಯ ಬಾಕಿಗೆ ಅವನ ಹೆಂಡತಿ ಎರಡು ಚಿತ್ರಗಳನ್ನು ಕೊಡಬೇಕಾಯಿತು. ಇಂತಹವನನ್ನು ಕಟಕಟೆಗೆ ಎಳೆಯುವುದು ನ್ಯಾಯವಲ್ಲ, ನನಗದು ಬೇಕಾಗಿಯೂ ಇಲ್ಲ.

ಆದರೂ ಎರಡು ಮೌನಗಳ ನಡುವಿನ ವ್ಯತ್ಯಾಸವನ್ನು ಗುರುತಿಸದೆ ಈ ಚಿತ್ರದ ಶಾಂತಿಯನ್ನು ಅಳೆಯಲಾಗದು. 1654ರ ಸತ್ತವರ ಬಗ್ಗೆ ಚಿತ್ರ ಮೌನವಾಗಿದ್ದರೆ, ನೋಡುವವರು ಆ ಮೌನವನ್ನು ತಮ್ಮ ನೆನಪಿನಿಂದ ತುಂಬಿಕೊಳ್ಳುತ್ತಿದ್ದರು. ಬಂಡಾದ ಸತ್ತವರ ವಿಷಯದಲ್ಲಿ ಹಾಗಾಗಲಿಲ್ಲ. ಆ ಸುದ್ದಿ ಹಾಲೆಂಡಿಗೆ ತಲುಪಿತ್ತು, ಕಂಪೆನಿಯ ನಿರ್ದೇಶಕರೇ ಕೂನ್‌ನ ಕ್ರೌರ್ಯದ ಬಗ್ಗೆ ಅಸಮಾಧಾನ ಹೇಳಿದ್ದರು. ಆದರೂ ಅದು ಊರಿನ ನೆನಪಾಗಲಿಲ್ಲ. ಆ ದಡದಲ್ಲಿ ದೋಣಿಗೆ ಕಾದು ನಿಂತವರ ಮನಸ್ಸಿನಲ್ಲಿ ಬಂಡಾದ ತಾಯಿಗೆ ಜಾಗವಿರಲಿಲ್ಲ. ಮೊದಲನೆಯದು ಗೊತ್ತಿದ್ದೂ ಹೇಳದ ಮೌನ. ಎರಡನೆಯದು ಗೊತ್ತುಮಾಡಿಕೊಳ್ಳುವ ಅಗತ್ಯವೇ ಕಾಣದ ಮೌನ. ಚಿತ್ರದಲ್ಲಿ ಎರಡೂ ಒಂದೇ ಬಗೆಯ ಶಾಂತಿಯಾಗಿ ಕಾಣುತ್ತವೆ. ಅವುಗಳನ್ನು ಬೇರ್ಪಡಿಸುವ ಕೆಲಸ ಬಣ್ಣದಿಂದ ಆಗುವುದಿಲ್ಲ, ನೋಡುವವರು ಮಾಡಬೇಕು.

ಇಂದಿನ ನೋಡುಗರು

ಚಿತ್ರದ ನಂತರದ ಬದುಕು ಇದಕ್ಕೆ ಒಳ್ಳೆಯ ಉದಾಹರಣೆ. 1696ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಹರಾಜಿನಲ್ಲಿ ವರ್ಮೀರನ 21 ಚಿತ್ರಗಳಲ್ಲಿ ಇದಕ್ಕೇ ಅತಿ ಹೆಚ್ಚು ಬೆಲೆ ಬಂತು, 200 ಗಿಲ್ಡರ್. ಆಮೇಲೆ ಕಲಾವಿದನ ಹೆಸರು ಮಸುಕಾಯಿತು. 1822ರಲ್ಲಿ ಡಚ್ ಸರಕಾರ 2,900 ಗಿಲ್ಡರ್ ಕೊಟ್ಟು ಚಿತ್ರವನ್ನು ಕೊಂಡಿತು. ಫ್ರೆಂಚ್ ವಿಮರ್ಶಕ ತೊರೆ-ಬ್ಯುರ್ಜೆ 1842ರಲ್ಲಿ ಹೇಗ್‌ಗೆ ಬಂದಾಗ ಇದನ್ನು ನೋಡಿ ಬೆರಗಾದ. ಇದನ್ನು ಬರೆದವನನ್ನು ಹುಡುಕುತ್ತಾ ಹೋಗಿ 1866ರಲ್ಲಿ ಅವನು ಪ್ರಕಟಿಸಿದ ಲೇಖನಗಳಿಂದ ವರ್ಮೀರ್ ಮತ್ತೆ ಜಗತ್ತಿಗೆ ಪರಿಚಯವಾದ. ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್ ತನ್ನ ಮಹಾ ಕಾದಂಬರಿಯ ಒಂದು ಪಾತ್ರ, ಬೆರ್ಗೊತ್ ಎಂಬ ಲೇಖಕ, ಈ ಚಿತ್ರದ ಮುಂದೆಯೇ ಕುಸಿದು ಸಾಯುವಂತೆ ಬರೆದ. ಅವನ ಕಣ್ಣು ಕೊನೆಗೆ ನೆಟ್ಟಿದ್ದು ಬಿಸಿಲು ಬಿದ್ದ ಒಂದು ಹಳದಿ ಗೋಡೆಯ ತುಣುಕಿನ ಮೇಲೆ. ಆ ತುಣುಕು ಚಿತ್ರದಲ್ಲಿ ಯಾವುದು ಎಂದು ಓದುಗರು ಇಂದಿಗೂ ಹುಡುಕುತ್ತಾರೆ, ಒಬ್ಬೊಬ್ಬರು ಒಂದೊಂದು ಕಡೆ ಬೆರಳಿಡುತ್ತಾರೆ.

ಹೀಗೆ ಒಂದು ಹಳದಿ ತುಣುಕಿಗಾಗಿ ಅಷ್ಟು ಹುಡುಕಾಟ ನಡೆಯಿತು. ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಲು ಬಹಳ ಕಾಲ ಬೇಕಾಯಿತು. ಚಿತ್ರ ಇರುವ ಮೌರಿಟ್ಸ್‌ಹೌಸ್ ಕಟ್ಟಡವೇ ಹದಿನೇಳನೆಯ ಶತಮಾನದಲ್ಲಿ ಯೊಹಾನ್ ಮೌರಿಟ್ಸ್ ಎಂಬಾತ ಕಟ್ಟಿಸಿದ ಮನೆ. ಅವನು 1637ರಿಂದ 1644ರವರೆಗೆ ಬ್ರೆಜಿಲ್‌ನ ಡಚ್ ವಸಾಹತಿನ ಗವರ್ನರ್ ಆಗಿದ್ದವನು. ಅಲ್ಲಿನ ಸಕ್ಕರೆ ಆಫ್ರಿಕದಿಂದ ತಂದ ಗುಲಾಮರ ಬೆವರು. ಆ ಸಂಗ್ರಹಾಲಯ ತನ್ನ ಹೆಸರಿನ ಹಿಂದಿರುವ ಈ ಚರಿತ್ರೆಯನ್ನು ತಾನೇ ಮುಂದಿಟ್ಟುಕೊಂಡು 2019ರಲ್ಲಿ ಒಂದು ಪ್ರದರ್ಶನ ನಡೆಸಿತು. 2022ರ ಡಿಸೆಂಬರಿನಲ್ಲಿ ಡಚ್ ಪ್ರಧಾನಿಯೂ, 2023ರ ಜುಲೈ 1ರಂದು ಡಚ್ ದೊರೆಯೂ ಗುಲಾಮಗಿರಿಯ ಚರಿತ್ರೆಗಾಗಿ ಸಾರ್ವಜನಿಕವಾಗಿ ಕ್ಷಮೆ ಕೋರಿದರು. ಕ್ಷಮೆಯಿಂದ ಸತ್ತವರು ಮರಳುವುದಿಲ್ಲ. ಆದರೆ ನೋಡಲು ನಿರಾಕರಿಸಿದ್ದನ್ನು ನೋಡಲು ಒಪ್ಪುವುದು ಸಣ್ಣ ಸಂಗತಿಯೇನಲ್ಲ.

ಇಷ್ಟೆಲ್ಲ ತಿಳಿದ ಮೇಲೆ 'ಡೆಲ್ಫ್ಟ್ ನೋಟ' ಚಂದವಾಗಿ ಉಳಿಯುತ್ತದೆಯೇ? ಉಳಿಯುತ್ತದೆ. ತಿಳಿವಳಿಕೆ ಬಂದ ಕೂಡಲೇ ಸವೆದುಹೋಗುವ ಚೆಲುವು ಮೊದಲಿನಿಂದಲೂ ತೆಳುವಾದದ್ದೇ ಇರಬೇಕು. ಈ ಚಿತ್ರದ ಚೆಲುವು ತೆಳುವಲ್ಲ. ಅದು ಸುಖದ ಪ್ರದರ್ಶನವಾಗಿದ್ದರೆ, ಡೆಲ್ಫ್ಟ್‌ನ ಸಿರಿಯನ್ನು ಸಾರುವ ಜಾಹೀರಾತಾಗಿದ್ದರೆ, ಬಂಡಾದ ಹೆಸರು ಕೇಳಿದ ಕೂಡಲೇ ಕುಸಿಯುತ್ತಿತ್ತು. ಅಲ್ಲಿ ಇರುವುದು ಸಿರಿಯಲ್ಲ. ಮೋಡದ ಕೆಳಗಿನ ಒಂದು ಊರು, ಸ್ವಲ್ಪ ಹೊತ್ತಿನ ಬಿಸಿಲು, ಕಾದು ನಿಂತ ಕೆಲವು ಜನ. ಮನುಷ್ಯರಿಗೆ ಎಲ್ಲ ಕಡೆಯೂ ಇಷ್ಟೇ ಬೇಕಾಗಿರುವುದು. ಇಂತಹ ಒಂದು ಬೆಳಗನ್ನು ಬಂಡಾದ ದಡದ ಜನರಿಂದ ಕಿತ್ತುಕೊಳ್ಳಲಾಯಿತು ಎಂದು ಅರಿತಾಗ ಆ ಬೆಳಗಿನ ಬೆಲೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಚಿತ್ರ ತಿಳಿದೋ ತಿಳಿಯದೆಯೋ ನಮ್ಮ ಕೈಗೆ ಒಂದು ಅಳತೆಗೋಲು ಕೊಟ್ಟಿದೆ: ಕಳೆದುಹೋದದ್ದು ಏನೆಂದು ತಿಳಿಯಲು ಇದ್ದದ್ದು ಏನೆಂದು ಯಾರಾದರೂ ಸರಿಯಾಗಿ ತೋರಿಸಿರಬೇಕು.

ಕಲೆಯ ಭಾವ ಎಂದರೆ ಮನಸ್ಸಿಗೆ ಆಗುವ ಹಿತ ಎಂದಷ್ಟೇ ತಿಳಿಯುವವರು ಬಹಳ. ಹಿತ ತಪ್ಪಲ್ಲ. ಆದರೆ ಅಲ್ಲಿಗೇ ನಿಂತರೆ ಚಿತ್ರ ಗೋಡೆಯ ಅಲಂಕಾರವಾಗುತ್ತದೆ. ಇನ್ನೊಂದು ತುದಿಯಲ್ಲಿ, ಎಲ್ಲ ಚೆಲುವಿನ ಹಿಂದೆಯೂ ಪಾಪವನ್ನೇ ಹುಡುಕಿ, ಸಿಕ್ಕಿದೊಡನೆ ಚಿತ್ರವನ್ನು ಕೆಳಗಿಳಿಸುವವರಿದ್ದಾರೆ. ಅವರೂ ಚಿತ್ರವನ್ನು ನೋಡಿದವರಲ್ಲ. ಇವೆರಡರ ನಡುವೆ ಕಷ್ಟದ ಒಂದು ದಾರಿಯಿದೆ. ಬೆಳಕನ್ನು ಬೆಳಕೆಂದೇ ಒಪ್ಪಿಕೊಂಡು, ಅದು ಯಾರ ಮೇಲೆ ಬಿದ್ದಿದೆ, ಯಾರ ಮೇಲೆ ಬಿದ್ದಿಲ್ಲ ಎಂದು ಕೇಳುವ ದಾರಿ.

ಸ್ಖೀಡಾಮ್ ಬಾಗಿಲು, ರಾಟರ್‌ಡ್ಯಾಮ್ ಬಾಗಿಲು ಎರಡನ್ನೂ ಹತ್ತೊಂಬತ್ತನೆಯ ಶತಮಾನದಲ್ಲಿ ಕೆಡವಲಾಯಿತು. ಇಂದು ಡೆಲ್ಫ್ಟ್‌ಗೆ ಹೋಗಿ ಅದೇ ಜಾಗದಲ್ಲಿ ನಿಂತವರಿಗೆ ನೀರು ಸಿಗುತ್ತದೆ, ದೂರದಲ್ಲಿ ಹೊಸ ಇಗರ್ಜಿಯ ಗೋಪುರ ಸಿಗುತ್ತದೆ, ಬಾಗಿಲುಗಳು ಸಿಗುವುದಿಲ್ಲ. ಅವು ಉಳಿದಿರುವುದು ಚಿತ್ರಗಳಲ್ಲಿ ಮಾತ್ರ. ಬಂಡಾದ ಜನ 1621ಕ್ಕೆ ಮೊದಲಿನ ತಮ್ಮ ಊರುಗಳನ್ನು ಹೀಗೆ ನೀರಿನಾಚೆಯಿಂದ ನೋಡಬೇಕೆಂದರೆ ಅವರಿಗೆ ವರ್ಮೀರನ ಚಿತ್ರದಂತಹದ್ದೊಂದು ಇಲ್ಲ.